ಊಸ್ಟ್ರಳ್ಳಿಯ ಮುಯ್ಯಿ

ಊರ್ಮಿಳಾ ತನ್ನ ಅತ್ತೆಗೆ ಮೂರು ಸಲ ಹೇಳಿದ್ದಳು. ಮನೆ ಬಿಡುವಾಗ ಒಂದು ಸಲ, ಬಸ್ ಸ್ಟಾಪಿನಲ್ಲಿ ಒಂದು ಸಲ, ಬಸ್ಸು ಗ್ರೋನಿಂಗನ್ ಪಟ್ಟಣ ದಾಟಿ ಬಯಲಿಗೆ ಬಿದ್ದ ಮೇಲೆ ಇನ್ನೊಂದು ಸಲ.

"ಅತ್ತೆ, ಅಲ್ಲಿ ನೀವೇನೂ ಮಾತಾಡೋದು ಬೇಡ. ನಾನೇ ಎಲ್ಲಾ ಹ್ಯಾಂಡಲ್ ಮಾಡ್ತೀನಿ. ನೀವು ಸುಮ್ನೆ ನಗ್ತಾ ಕೂತಿರಿ, ಸಾಕು."

"ಸುಮ್‌ಸುಮ್ಕೆ ನಗ್ತಾ ಕುಂತ್ರೆ ಹುಚ್ಚಿ ಅನ್ಕಳಾಕಿಲ್ವಾ?" ಎಂದರು ಕಾಶಮ್ಮ.

ಪ್ರಶ್ನೆ ನ್ಯಾಯವಾದದ್ದೇ. ಆದರೆ ನ್ಯಾಯ ನೋಡುವಷ್ಟು ವ್ಯವಧಾನ ಊರ್ಮಿಳಾಗೆ ಇರಲಿಲ್ಲ. ಅವಳೂ ಗಂಡ ಅನಿರುದ್ಧನೂ ಗ್ರೋನಿಂಗನ್ನಿನಲ್ಲಿ ಬಾಡಿಗೆಗಿದ್ದ ಮನೆಯನ್ನು ಅಕ್ಟೋಬರ್ ಮುಗಿಯುವುದರೊಳಗೆ ಖಾಲಿ ಮಾಡಬೇಕಿತ್ತು. ಮಾಲೀಕನ ಮಗಳು ಓದಲು ಬರುತ್ತಾಳಂತೆ. ನೆದರ್‌ಲ್ಯಾಂಡ್ಸಿನಲ್ಲಿ ಕೆಲಸ ಸಿಗುತ್ತದೆ, ವೀಸಾ ಸಿಗುತ್ತದೆ, ಛಲ ಹಿಡಿದು ಹುಡುಕಿದರೆ ನುಗ್ಗೇಕಾಯಿಯೂ ಸಿಗುತ್ತದೆ. ಮನೆಯೊಂದು ಮಾತ್ರ ಸಿಗುವುದಿಲ್ಲ. ಮೂವತ್ತೊಂದು ಮನೆ ನೋಡಿದ್ದರು. ಮೂವತ್ತೊಂದು ಕಡೆಯಿಂದಲೂ "ಬೇರೆಯವರಿಗೆ ಕೊಟ್ಟೆವು, ನಿಮಗೆ ಶುಭವಾಗಲಿ" ಎಂಬ ಮೇಲ್ ಬಂದಿತ್ತು. ಇವತ್ತಿನದು ಮೂವತ್ತೆರಡನೆಯದು. ಇದೂ ಕೈತಪ್ಪಿದರೆ ಅನಿರುದ್ಧ ದ ಹೇಗ್‌ನಲ್ಲಿ ಗೆಳೆಯ ಶಾದಾಬ್‌ನ ಒಂಟಿ ರೂಮಿಗೆ, ಊರ್ಮಿಳಾ ಸಹೋದ್ಯೋಗಿಯೊಬ್ಬಳ ಸೋಫಾಕ್ಕೆ, ಮೂರು ತಿಂಗಳಿಗೆಂದು ಬಂದಿದ್ದ ಕಾಶಮ್ಮ ತಿಂಗಳೊಳಗೇ ವಾಪಸ್ ವಿಮಾನಕ್ಕೆ. ಹಾಗೆಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಕಾಶಮ್ಮನಿಗೆ ಮಾತ್ರ ಹೇಳಿರಲಿಲ್ಲ.

ಕಾಶಮ್ಮ ಮದ್ದೂರಿನ ಕಡೆಯ ಹಳ್ಳಿಯವರು. ಒಂದೂವರೆ ಎಕರೆ ಕಬ್ಬು, ಎರಡು ಎಮ್ಮೆ, ಒಬ್ಬ ಸಾಧು ಗಂಡ, ಎಲ್ಲವನ್ನೂ ಒಂದೇ ದನಿಯಲ್ಲಿ ಆಳಿಕೊಂಡಿದ್ದವರು. ಮಗನಿಗೆ ಅನಿರುದ್ಧ ಎಂದು ಹೆಸರಿಟ್ಟವರು ಊರಿನ ಮೇಷ್ಟ್ರು. ಅದನ್ನು ನೆಟ್ಟಗೆ ಕರೆಯಲು ಬಾಯಿ ತಿರುಗದೆ ಕಾಶಮ್ಮ ಮೂವತ್ನಾಲ್ಕು ವರ್ಷದಿಂದ "ಅನ್ರುದ್ದ" ಎಂದೇ ನಡೆಸಿಕೊಂಡು ಬಂದಿದ್ದರು. ಅವರು ನೆದರ್‌ಲ್ಯಾಂಡ್ಸಿಗೆ ಬಂದು ಹತ್ತು ದಿನವಾಗಿತ್ತು. ಅದರಲ್ಲಿ ಒಂಬತ್ತು ದಿನ ನೆಗಡಿಯಿಂದ ರಗ್ಗಿನೊಳಗೇ ಕಳೆದಿದ್ದರಿಂದ ಹೊರಗಿನ ಗಾಳಿಗೆ ಮುಖ ಕೊಟ್ಟದ್ದು ಇವತ್ತೇ ಮೊದಲು.

ಅತ್ತೆಯ ಮೇಲೆ ಊರ್ಮಿಳಾಗೆ ಒಂದು ಹಳೆಯ ಸಿಟ್ಟಿತ್ತು. ಆರು ವರ್ಷದ ಹಿಂದೆ ಅವರು ಹೆಣ್ಣು ನೋಡಲು ಮೈಸೂರಿಗೆ ಬಂದಿದ್ದರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹುಡುಗಿಯ ಹಾಡು ಕೇಳಿದರು, ಗೋಡೆಯ ಮೇಲಿದ್ದ ಚಿನ್ನದ ಪದಕದ ಫೋಟೋ ನೋಡಿದರು. ಆಮೇಲೆ ಹೊರಗೆ ಚಪ್ಪಲಿ ಮೆಟ್ಟುತ್ತ ಗಂಡನಿಗೆ ಹೇಳಿದ್ದು ಒಂದೇ ಮಾತು: "ಪರ್ವಾಗಿಲ್ಲ." ಕಿಟಕಿಯ ಹಿಂದೆ ನಿಂತಿದ್ದ ಊರ್ಮಿಳಾ ಅದನ್ನು ಕೇಳಿಸಿಕೊಂಡಿದ್ದಳು. ಇಪ್ಪತ್ತಾರು ವರ್ಷ ಕಷ್ಟಪಟ್ಟು ಬೆಳೆದದ್ದು ಬರೀ ಪರ್ವಾಗಿಲ್ಲ! ಮದುವೆಯಾದ ಮೇಲೆ ಅವಳ ಸಾರೂ ಪರ್ವಾಗಿಲ್ಲ, ಅವಳ ಸಂಬಳವೂ ಪರ್ವಾಗಿಲ್ಲ, ವಿಮಾನದ ಟಿಕೆಟ್ ತೆಗೆದು ಕರೆಸಿಕೊಂಡ ಪರದೇಶವೂ ಪರ್ವಾಗಿಲ್ಲ. ಅದಕ್ಕೇ ಇರಬೇಕು, ಊರ್ಮಿಳಾ ಮಾತ್ರ ಯಾರು ಏನು ತೋರಿಸಿದರೂ ಬಾಯ್ತುಂಬ ಹೊಗಳುತ್ತಿದ್ದಳು. ಕಂಡವರ ಮನೆ ಬೆಕ್ಕು, ಆಫೀಸಿನ ಕೇಕು, ಯಾವುದನ್ನೂ ಬಿಡುತ್ತಿರಲಿಲ್ಲ.

ಬಸ್ಸು ಹೋಗುತ್ತಲೇ ಇತ್ತು. ಎರಡೂ ಕಡೆ ಅಳತೆಯಿಲ್ಲದ ಸಮತಟ್ಟು ನೆಲ. ಗುಡ್ಡವಿಲ್ಲ, ದಿಬ್ಬವಿಲ್ಲ, ಅಡ್ಡ ಬರಲು ಒಂದು ಹುಣಸೆಮರವೂ ಇಲ್ಲ. ಎಲ್ಲೋ ದೂರದಲ್ಲಿ ಒಂದು ಚರ್ಚಿನ ಗೋಪುರ, ಅದಕ್ಕೂ ಆಚೆ ಸಮುದ್ರದ ಒಡ್ಡು, ಮಿಕ್ಕಿದ್ದೆಲ್ಲ ಆಕಾಶ.

"ಹೊಲಕ್ಕೆ ಬದೂನೇ ಇಲ್ವಲ್ಲವ್ವಾ. ಬದು ಇರೋ ತಾವೆಲ್ಲಾ ಕಾಲ್ವೆ ತೋಡವ್ರೆ. ಒಂದ್ ಗೇಣು ಇಳಿಜಾರಿಲ್ಲ, ನೀರು ಎತ್ತಾಗ್ ಹರೀತದೆ?" ಎಂದು ಕಾಶಮ್ಮ ಕಿಟಕಿಗೆ ಮೂಗು ಒತ್ತಿ ಕೇಳಿದರು. ಐದು ವರ್ಷ ಈ ದೇಶದಲ್ಲಿದ್ದ ಊರ್ಮಿಳಾಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಗೂಗಲ್‌ನಲ್ಲಿ ನೋಡಿ ಹೇಳುತ್ತೇನೆ ಎಂದಳು. ನೋಡಲಿಲ್ಲ.

ಅವರು ಹೊರಟ ಊರಿನ ಹೆಸರು ಊಸ್ಟರ್‌ವೀರ್ಡೆ. ಕಾಶಮ್ಮ ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ಮೂರನೆಯ ಸಲಕ್ಕೆ "ಊಸ್ಟ್ರಳ್ಳಿ" ಮಾಡಿ ನೆಮ್ಮದಿಯಾಗಿದ್ದರು.

ಊಸ್ಟ್ರಳ್ಳಿಯಲ್ಲಿ ಇಳಿದವರು ಅವರಿಬ್ಬರೇ. ಡ್ರೈವರ್ ಕೈಯೆತ್ತಿ "ಮೊಯ್" ಎಂದ. ಬಸ್ಸು ಹೋದ ಮೇಲೆ ಉಳಿದದ್ದು ಗಾಳಿಯ ಸದ್ದು ಮಾತ್ರ. ಇಟ್ಟಿಗೆ ಹಾಸಿದ ಒಂದೇ ಬೀದಿ, ಪರದೆಯಿಲ್ಲದ ದೊಡ್ಡ ದೊಡ್ಡ ಕಿಟಕಿ, ಕಿಟಕಿಯೊಳಗೆ ಸಾಲಾಗಿ ಕುಂಡ. ಸೈಕಲ್ಲಿನಲ್ಲಿ ಬಂದ ಹೆಂಗಸೊಬ್ಬಳು ಅವರನ್ನು ನೋಡಿ "ಮೊಯ್" ಎಂದಳು. ಬೇಲಿ ಕತ್ತರಿಸುತ್ತಿದ್ದ ಮುದುಕ "ಮೊಯ್" ಎಂದ. ನಾಯಿ ಹಿಡಿದುಕೊಂಡು ಹೋಗುತ್ತಿದ್ದವನು "ಮೊಯ್ ಮೊಯ್" ಎಂದು ಎರಡು ಸಲ ಅಂದ.

ಕಾಶಮ್ಮ ಸೆರಗು ಬಿಗಿಮಾಡಿಕೊಂಡು ಸೊಸೆಯ ಹತ್ತಿರ ಸರಿದರು. "ಉರ್ಮಿಳಾ, ಈ ಊರಾಗೆ ಯಾರ್ದಾದ್ರೂ ಮದ್ವೆ ಗಿದ್ವೆ ಐತಾ? ಎಲ್ರೂವೆ ಮುಯ್ಯಿ ಮುಯ್ಯಿ ಅಂತಾವ್ರೆ?"

ಊರ್ಮಿಳಾ ಫೋನಿನ ಮ್ಯಾಪಿನಲ್ಲಿ ಮುಳುಗಿದ್ದಳು. "ಹೂಂ ಅತ್ತೆ" ಎಂದಳು.

ಮುಂದೆ ನಡೆದದ್ದಕ್ಕೆಲ್ಲ ಕಾರಣ ಈ ಹೂಂ. ಇದರಲ್ಲಿ ಕಾಶಮ್ಮನದು ಎಳ್ಳಷ್ಟೂ ತಪ್ಪಿಲ್ಲವೆಂದು ನಾನು ಈಗಲೇ ಹೇಳಿಬಿಡುತ್ತೇನೆ. ಅವರ ಕಡೆ ಮುಯ್ಯಿ ಅಂದರೆ ಹುಡುಗಾಟದ ಮಾತಲ್ಲ. ಅವರು ನಮ್ಮ ಮನೆಯ ಮದುವೆಗೆ ಏನು ತಂದಿದ್ದರೋ ನಾವು ಅವರ ಮನೆಯ ಮದುವೆಗೆ ಅದನ್ನು ಒಯ್ಯಬೇಕು. ಅವರು ನಮ್ಮ ನಾಟಿಗೆ ಬಂದು ಬಗ್ಗಿದ್ದರೆ ನಾವು ಅವರ ಕೊಯ್ಲಿಗೆ ಹೋಗಿ ಬಗ್ಗಬೇಕು. ಅಂಥ ಆಳಿಗೆ ಮುಯ್ಯಾಳು ಎಂದೇ ಹೆಸರು. ಇಡೀ ಊರೇ ನೆನಪಿಸುತ್ತಿರುವಾಗ ಬರಿಗೈ ಬೀಸಿಕೊಂಡು ಒಂದು ಮನೆಯ ಹೊಸ್ತಿಲು ದಾಟುವುದು ಹೇಗೆ? ಕಾಶಮ್ಮ ನಡೆಯುತ್ತಲೇ ಚೀಲದೊಳಗೆ ಕೈ ಹಾಕಿ ಏನಿದೆಯೆಂದು ತಡಕಾಡತೊಡಗಿದರು.

ಮನೆ ಊರಿನ ಕೊನೆಗಿತ್ತು. ದೊಡ್ಡ ಕಣಜದಂಥ ಕೆಂಪು ಕೊಟ್ಟಿಗೆ, ಅದಕ್ಕೆ ಅಂಟಿಕೊಂಡು ಮಾಲೀಕರ ಮನೆ, ಹಿಂದೆ ಅಂಗಳದಾಚೆ ಒಂದು ಸಣ್ಣ ಮನೆ. ಹಿಂದೆಲ್ಲ ಆಳುಗಳಿಗೆಂದು ಕಟ್ಟಿಸಿದ್ದು, ಈಗ ಬಾಡಿಗೆಗೆ ಕೊಡುವುದು ಅದನ್ನೇ. ಅಂಗಳದ ಅಂಚಿನಲ್ಲಿ ಮಣ್ಣು ಮೆತ್ತಿದ ಬಿಳಿ ಬೀಟ್ ಗೆಡ್ಡೆಗಳ ರಾಶಿ ಆಳೆತ್ತರ ಬಿದ್ದಿತ್ತು. ಅದರಿಂದ ಸಕ್ಕರೆ ಮಾಡುತ್ತಾರೆಂದು ಊರ್ಮಿಳಾ ಹೇಳಿದಾಗ ಕಬ್ಬು ಬೆಳೆಯುವ ಕಾಶಮ್ಮ, "ಮೂಲಂಗೀಲಿ ಸಕ್ರೆಯಾ? ಯಾರ್ ತಾವಾದ್ರೂ ಯೋಳು" ಎಂದು ತಲೆ ಕೊಡವಿದರು.

ಬಾಗಿಲು ತೆರೆದವನು ಮಾಲೀಕ ಹಾರ್ಮ್. ಎಪ್ಪತ್ತರ ಆಸುಪಾಸಿನ ರೈತ, ಬಾಗಿಲಿನ ಚೌಕಟ್ಟಿಗಿಂತ ಒಂದು ಗೇಣು ಉದ್ದ, ಕಾಲಲ್ಲಿ ಮರದ ಮೆಟ್ಟು. "ಮೊಯ್" ಎಂದ. ಎಂದದ್ದಷ್ಟೇ ಅಲ್ಲ, ಕೈಯನ್ನೂ ಮುಂದೆ ಚಾಚಿದ.

ಇಷ್ಟು ನೇರವಾಗಿ ಕೇಳುವವನನ್ನು ಕಾಶಮ್ಮ ಮದ್ದೂರಿನಲ್ಲೂ ಕಂಡಿರಲಿಲ್ಲ. ಆದರೆ ಅವರು ತಯಾರಾಗಿದ್ದರು. ತಲೆಗೆ ಸುತ್ತಿಕೊಳ್ಳಲೆಂದು ತಂದಿದ್ದ, ಇನ್ನೂ ಮಡಿಕೆ ಮುರಿಯದ ಹೊಸ ಹಸಿರು ಟವಲನ್ನು ಒದರಿ, ತುದಿಗಾಲಿನಲ್ಲಿ ನಿಂತು ಹಾರ್ಮ್‌ನ ಹೆಗಲಿಗೆ ಹಾಕಿದರು. ಚಾಚಿದ ಕೈಗೆ ದಾರಿಗೆಂದು ತಂದಿದ್ದ ನಿಪ್ಪಟ್ಟಿನ ಡಬ್ಬಿ ಇಟ್ಟರು. "ಸದ್ಯಕ್ ಇಷ್ಟೇಯ. ಮಿಕ್ಕಿದ್ದು ಗೇದು ತೀರಿಸ್ತೀನಿ" ಎಂದು ಗಂಭೀರವಾಗಿ ಹೇಳಿದರು.

ಹೆಗಲ ಮೇಲೆ ಹಸಿರು ಟವಲು ಬಿದ್ದ ಹಾರ್ಮ್ ನೋಡನೋಡುತ್ತಿದ್ದಂತೆ ಥೇಟ್ ಮಂಡ್ಯದ ರೈತ ಮುಖಂಡನಾದ. ಏನು ಹೇಳಿದರು ಎಂದು ಊರ್ಮಿಳಾಳನ್ನು ಕೇಳಿದ.

"ನಿಮ್ಮನ್ನು ನೋಡಿ ತುಂಬಾ ಸಂತೋಷವಾಯಿತು ಅಂತಿದ್ದಾರೆ" ಎಂದಳು ಊರ್ಮಿಳಾ, ತನಗೆ ಬರುವ ಅರೆಬರೆ ಡಚ್‌ನಲ್ಲಿ. ಅವಳ ಕಿವಿಯ ತುದಿಗಳು ಬಿಸಿಯಾಗಿದ್ದವು. ಮಾತಾಡಬೇಡಿ ಅಂದಿದ್ದಳೇ ಹೊರತು ಟವಲು ಹೊದಿಸಬೇಡಿ ಅಂದಿರಲಿಲ್ಲ.

ಅಡುಗೆಮನೆಯ ಮೇಜಿನ ಸುತ್ತ ಕೂತರು. ಹಾರ್ಮ್‌ನ ಹೆಂಡತಿ ಟ್ರೈನ್ಚೆಯ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಕಟ್ಟಿತ್ತು. ಎಡಗೈಯಲ್ಲೇ ಕಾಫಿ ಬಗ್ಗಿಸಿದಳು. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂತು, ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡರು, ಡಬ್ಬಿ ಮುಚ್ಚಿತು. ಈ ದೇಶದ ಪದ್ಧತಿಯೇ ಅದು, ಎರಡನೆಯದನ್ನು ಆಸೆಪಡಬಾರದು. ಊರ್ಮಿಳಾ ತಮ್ಮ ಕೆಲಸ, ಸಂಬಳದ ವಿವರವಿದ್ದ ಫೈಲು ಮುಂದಿಟ್ಟಳು. ಹದಿನಾಲ್ಕು ಪುಟ, ಬಣ್ಣದ ಪ್ರಿಂಟು, ಮೊದಲ ಪುಟದಲ್ಲಿ ನಗುತ್ತಿರುವ ಗಂಡ ಹೆಂಡತಿ. ಹಾರ್ಮ್ ಆ ನಗುವಿನ ಮೇಲೆ ಕಾಫಿ ಲೋಟವನ್ನಿಟ್ಟು, ನಿಪ್ಪಟ್ಟೊಂದನ್ನು ಮುರಿದು ಬಾಯಿಗೆ ಹಾಕಿಕೊಂಡ.

ಕರುಂ ಕುರುಂ ಎಂದು ಸದ್ದಾಯಿತು. ಮುಖ ಕೆಂಪಾಯಿತು. ಟವಲಿನಿಂದ ಹಣೆ ಒರೆಸಿಕೊಂಡ. "ಕೊನ್ ಮಿನ್ನರ್" ಎಂದ.

ಊರ್ಮಿಳಾ ಡಚ್ ಪರೀಕ್ಷೆ ಪಾಸು ಮಾಡಿದವಳು. ಕೊನ್ ಎಂದರೆ ಆಗಬಹುದಿತ್ತು, ಮಿನ್ನರ್ ಎಂದರೆ ಕಡಿಮೆ. ಕಡಿಮೆ ಆಗಬಹುದಿತ್ತು. ಖಾರ! ಅವಳು ನಿಪ್ಪಟ್ಟಿನ ಡಬ್ಬಿಯ ಮುಚ್ಚಳ ಮುಚ್ಚಿಬಿಟ್ಟಳು.

ಆಮೇಲೆ ಹಿಂದಿನ ಮನೆ ತೋರಿಸಲು ಹಾರ್ಮ್ ಅವಳನ್ನು ಕರೆದುಕೊಂಡು ಹೋದ. ಎರಡು ಕೋಣೆ, ಪುಟ್ಟ ಅಡುಗೆಮನೆ, ಅದರ ಕಿಟಕಿಯಿಂದಾಚೆ ಮುಗಿಯದ ಹೊಲ. ನೋಡಿದ ಕೂಡಲೇ ಊರ್ಮಿಳಾಗೆ ಆ ಮನೆ ಬೇಕೆನಿಸಿತು. ಎಷ್ಟು ಬೇಕೆನಿಸಿತೆಂದರೆ ಅದ್ಭುತ, ಅಮೋಘ, ಇಂಥ ನಲ್ಲಿಯನ್ನು ನಾನೆಲ್ಲೂ ಕಂಡಿಲ್ಲ ಎಂದು ತನಗೆ ಗೊತ್ತಿದ್ದ ಡಚ್ ಹೊಗಳಿಕೆಯನ್ನೆಲ್ಲ ಸುರಿದಳು. ಸುರಿದಷ್ಟೂ ಹಾರ್ಮ್ ಒಳಗೊಳಗೇ ಹಿಂದೆ ಸರಿಯುತ್ತಿದ್ದಂತೆ ಕಂಡಿತು. ಅವನು ಕೇಳಿದ್ದು ಒಂದೇ ಪ್ರಶ್ನೆ: ಗಾಳಿ ತಡೆದುಕೊಳ್ಳುತ್ತೀರಾ? ಗಾಳಿ ನನಗೆ ಪ್ರಾಣ ಎಂದಳು ಊರ್ಮಿಳಾ. ಹಾರ್ಮ್ ನಲ್ಲಿಯ ಕಡೆ ನೋಡಿದ.

ಮರಳಿ ಬಂದರೆ ಅಡುಗೆಮನೆಯಲ್ಲಿ ಕಾಶಮ್ಮನಿಲ್ಲ. ಟ್ರೈನ್ಚೆಯೂ ಇಲ್ಲ. ಹುಡುಕಿಕೊಂಡು ಹೋದರೆ ಇಬ್ಬರೂ ಕೊಟ್ಟಿಗೆಯಲ್ಲಿ ಎದುರುಬದುರು ಮರದ ಪೆಟ್ಟಿಗೆಗಳ ಮೇಲೆ ಕೂತಿದ್ದರು. ನಡುವೆ ಒಣಗಿದ ಹುರುಳಿಕಾಯಿ ಬಳ್ಳಿಗಳ ರಾಶಿ. ಕೈ ಉಳುಕಿದ್ದರಿಂದ ಟ್ರೈನ್ಚೆಯ ವರ್ಷದ ಕಾಳೆಲ್ಲ ಬಿಡಿಸದೆ ಹಾಗೇ ಬಿದ್ದಿತ್ತು. ಕಾಶಮ್ಮ ಸೀರೆ ಎತ್ತಿ ಕಟ್ಟಿ, ಪಟಪಟ ಸಿಪ್ಪೆ ಒಡೆದು ಕಂದು ಕಾಳನ್ನು ಬಕೆಟ್ಟಿಗೆ ಉದುರಿಸುತ್ತಿದ್ದರು. ಹೆಂಗಸರಿಬ್ಬರೂ ಒಂದೊಂದು ಭಾಷೆಯಲ್ಲಿ ಆರಾಮವಾಗಿ ಮಾತಾಡಿಕೊಳ್ಳುತ್ತಿದ್ದರು.

"ಅತ್ತೆ! ಏನ್ ಮಾಡ್ತಿದ್ದೀರಾ? ಏಳಿ, ಪ್ಲೀಸ್. ಒಳಗೆ ಇಂಟರ್ವ್ಯೂ ನಡೀತಿದೆ."

"ನಿನ್ ಇಂಟ್ರೀವು ನೀ ಮಾಡ್ಕೋ ಹೋಗು. ಟವಲು ನಿಪ್ಪಟ್ಟು ಕೊಟ್ರೆ ಮುಯ್ಯಿ ಆಗೋಯ್ತಾ? ಅದ್ಕೇ ಮುಯ್ಯಾಳಾಗಿ ಕುಂತಿವ್ನಿ. ಆಯಮ್ಮನ ಕೈ ನೋಡು, ಪಾಪ."

ಊರ್ಮಿಳಾಗೆ ಆಗ ಹೊಳೆಯಿತು. ಮೊಯ್. ಮುಯ್ಯಿ. ಬೀದಿಯಲ್ಲಿ ಅತ್ತೆ ಕೇಳಿದ್ದು, ತಾನು ಹೂಂ ಅಂದದ್ದು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ನಾಲ್ಕು ಗಂಟೆಯ ಬಸ್ಸು ಬಯಲಿನಲ್ಲಿ ಸಣ್ಣಗೆ ಹಾದುಹೋಗುವುದು ಕಾಣಿಸಿತು. ಇನ್ನು ಒಂದು ಗಂಟೆ ಬಸ್ಸಿಲ್ಲ. ಮನೆ ಹೇಗೂ ಹೋಯಿತು, ಇನ್ನು ಯಾರ ಮುಂದೆ ನಾಟಕವಾಡುವುದು ಎನಿಸಿತು. ಆ ಯೋಚನೆಯಿಂದ ಅವಳಿಗೆ ದುಃಖವಾಗಬೇಕಿತ್ತು. ಮೈಯೆಲ್ಲ ಹಗುರಾಯಿತು. ಫೈಲನ್ನು ನೆಲಕ್ಕೆ ಹಾಕಿ, ಅದರ ಮೇಲೇ ಕೂತು, ಒಂದು ಬೊಗಸೆ ಕಾಯಿ ಎಳೆದುಕೊಂಡಳು.

"ಅಂಗಲ್ಲ ಕಣವ್ವ. ಬೆನ್ ತಾವ ಅದುಮು, ತಾನೇ ಬಾಯ್ ಬುಡ್ತದೆ" ಎಂದರು ಕಾಶಮ್ಮ. ಅದುಮಿದಳು. ಬಾಯಿ ಬಿಟ್ಟಿತು.

ಸ್ವಲ್ಪ ಹೊತ್ತಿಗೆ ಹಾರ್ಮ್ ಬಂದ. ಟವಲು ಇನ್ನೂ ಹೆಗಲ ಮೇಲೇ ಇತ್ತು. ಅಂಗಳದ ರಾಶಿಯಿಂದ ಒಂದು ಗೆಡ್ಡೆ ತಂದು, ಚಾಕುವಿನಿಂದ ಸಿಪ್ಪೆ ಹೆರೆದು, ಒಂದು ಹೋಳನ್ನು ಚಾಕುವಿನ ತುದಿಯಲ್ಲೇ ಕಾಶಮ್ಮನಿಗೆ ಚಾಚಿದ. ಕಾಶಮ್ಮ ಅಗಿದರು. ಕಬ್ಬು ಬೆಳೆಯುವವರು ಸಕ್ಕರೆಯ ವಿಷಯದಲ್ಲಿ ಅವಸರಪಡುವುದಿಲ್ಲ. ಕಣ್ಣುಮುಚ್ಚಿ, ರಸ ನುಂಗಿ, ಹಿಪ್ಪೆಯನ್ನು ಪಕ್ಕಕ್ಕೆ ಉಗಿದು ತೀರ್ಪು ಕೊಟ್ಟರು: "ಪರ್ವಾಗಿಲ್ಲ."

ಏನಂದರು ಎಂದು ಹಾರ್ಮ್ ಕೇಳಿದ. ನಯಮಾಡಿ ಹೇಳುವ ಶಕ್ತಿ ಊರ್ಮಿಳಾಗೆ ಉಳಿದಿರಲಿಲ್ಲ. "ಅಷ್ಟೇನೂ ಕೆಟ್ಟದ್ದಲ್ಲ ಅಂತಿದ್ದಾರೆ" ಎಂದು ಇದ್ದದ್ದನ್ನೇ ಹೇಳಿಬಿಟ್ಟಳು.

ಹಾರ್ಮ್‌ನ ಮುಖ ಅರಳಿತು. ಆ ದಿನ ಅವನು ನಕ್ಕದ್ದು ಅದೇ ಮೊದಲು. ಕಾಶಮ್ಮನ ಕಡೆ ನೋಡಿ ನಿಧಾನವಾಗಿ ತಲೆಯಾಡಿಸಿದ. ತುಂಬಿದ ಬಕೆಟ್ಟನ್ನೂ ಸೊಟ್ಟಗೆ ಕೂತಿದ್ದ ಊರ್ಮಿಳಾಳನ್ನೂ ನೋಡಿ ಮತ್ತೆ "ಕೊನ್ ಮಿನ್ನರ್" ಎಂದ. ಕೆಲಸವೂ ಕಡಿಮೆ ಬಿತ್ತೇನಪ್ಪಾ ಎಂದುಕೊಂಡಳು ಊರ್ಮಿಳಾ. ಟ್ರೈನ್ಚೆ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬಿಯನ್ನು ಎರಡನೆಯ ಸಲ ತಂದಳು.

ಹೊರಡುವಾಗ ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಬಂದು "ಮೊಯ್" ಎಂದರು.

ಬಸ್ಸಿನಲ್ಲಿ ಊರ್ಮಿಳಾ ಎಲ್ಲವನ್ನೂ ಬಿಡಿಸಿ ಹೇಳಿದಳು. "ಅತ್ತೆ, ಮೊಯ್ ಅಂದ್ರೆ ಇಲ್ಲಿ ನಮಸ್ಕಾರ ಅಂತ. ಬಂದಾಗ್ಲೂ ಅಂತಾರೆ, ಹೋಗುವಾಗ್ಲೂ ಅಂತಾರೆ. ಅಷ್ಟೇ. ಯಾರೂ ಏನೂ ಕೇಳಿರ್ಲಿಲ್ಲ."

ಕಾಶಮ್ಮ ಯೋಚಿಸಿದರು. "ನಮ್ದೂ ಅಂಗೇಯ ಅಲ್ವಾ? ಕೊಡಾದೂ ಮುಯ್ಯಿ, ತೀರ್ಸಾದೂ ಮುಯ್ಯಿ. ಹೋಗ್ತಾನೂ ಅದೇ, ಬತ್ತಾನೂ ಅದೇ. ಸರ್ಯಾಗೇ ಐತೆ ಬುಡು" ಎಂದು ಕಿಟಕಿಗೆ ತಲೆಯಾನಿಸಿ ನಿದ್ದೆಹೋದರು.

ಸೋಮವಾರ ಆಫೀಸಿನಲ್ಲಿದ್ದಾಗ ಮೆಸೇಜು ಬಂತು. ಒಂದೇ ಸಾಲು: "ಕೊನ್ ಮಿನ್ನರ್. ಶನಿವಾರ ಟ್ರ್ಯಾಕ್ಟರ್ ತರುತ್ತೇನೆ. ಮೊಯ್, ಹಾರ್ಮ್."

ಊರ್ಮಿಳಾ ಅದನ್ನು ನಾಲ್ಕು ಸಲ ಓದಿದಳು. ಕಡಿಮೆ ಆಗಬಹುದಿತ್ತು ಅನ್ನುವವನು ಟ್ರ್ಯಾಕ್ಟರ್ ಯಾಕೆ ತರುತ್ತಾನೆ? ಪಕ್ಕದ ಮೇಜಿನವಳಿಗೆ ತೋರಿಸಿದಳು. ಸೋಫಾ ಕೊಡುತ್ತೇನೆಂದು ಮಾತು ಕೊಟ್ಟಿದ್ದವಳು ಅವಳೇ, ಆ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಅವಳು ಓದಿದವಳೇ ಕುರ್ಚಿಯಿಂದ ಎದ್ದು ಊರ್ಮಿಳಾಳನ್ನು ತಬ್ಬಿಕೊಂಡಳು. ಮನೆ ಸಿಕ್ಕಿತಲ್ಲೇ ಎಂದಳು. ನಮ್ಮ ಕಡೆಯವರು ಬಾಯಿಬಿಟ್ಟು ಹೊಗಳುವ ಜನವಲ್ಲ, ಕೊನ್ ಮಿನ್ನರ್ ಎಂದರೆ ಇದಕ್ಕಿಂತ ಕಳಪೆಯಾಗಿರಬಹುದಿತ್ತು, ಹಾಗಿಲ್ಲ ಎಂದು ಅರ್ಥ, ಇದಕ್ಕಿಂತ ದೊಡ್ಡ ಮಾತು ನಮ್ಮಲ್ಲಿಲ್ಲ ಎಂದಳು. "ನನ್ನ ಮಗಳು ಹುಟ್ಟಿದಾಗ ನಮ್ಮಪ್ಪ ತೊಟ್ಟಿಲಿಗೆ ಬಗ್ಗಿ ನೋಡಿ ಅಂದದ್ದು ಇದನ್ನೇ. ಅಂದುಬಿಟ್ಟು ಹೊರಗೆ ಹೋಗಿ ಅತ್ತರು."

ಊರ್ಮಿಳಾಗೆ ಮನೆ ಸಿಕ್ಕ ಸಂತೋಷಕ್ಕಿಂತ ಮೊದಲು ಮೈಸೂರಿನ ಒಂದು ಹಳೆಯ ಕಿಟಕಿ ನೆನಪಾಯಿತು.

ಶನಿವಾರ ಬೆಳಿಗ್ಗೆ ಗ್ರೋನಿಂಗನ್ನಿನ ಆ ಶಿಸ್ತಿನ ಬೀದಿಯೊಳಗೆ ಹಾರ್ಮ್ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ನುಗ್ಗಿಸಿಕೊಂಡು ಬಂದ. ಕತ್ತಿನಲ್ಲಿ ಹಸಿರು ಟವಲು. "ಮೊಯ್" ಎಂದ. ಮಂಚ, ಫ್ರಿಜ್ಜು, ಗ್ರೈಂಡರು, ದೇವರ ಮಂಟಪ ಎಲ್ಲವನ್ನೂ ಅನಿರುದ್ಧನ ಜೊತೆ ಹೊತ್ತು ಹಾಕಿದ. ಅನಿರುದ್ಧ ದುಡ್ಡಿನ ಮಾತೆತ್ತಿದರೆ ಕೇಳಿಸಲೇ ಇಲ್ಲವೆಂಬಂತೆ ಹಗ್ಗ ಬಿಗಿದ.

"ಕಂಡ್ಯಾ, ಮುಯ್ಯಿ ತೀರ್ಸಾಕ್ ಬಂದವ್ನೆ" ಎಂದರು ಕಾಶಮ್ಮ. ಈ ಸಲ ಊರ್ಮಿಳಾ ಕಿವಿಗೊಟ್ಟು ಕೇಳಿಸಿಕೊಂಡು, ಮನಸಾರೆ ಹೂಂ ಅಂದಳು.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮೇಲೆ ಊರ್ಮಿಳಾ ಬಕೆಟ್ಟಿನ ಕಾಳಿನಲ್ಲೇ ಸಾರು ಮಾಡಿದಳು. ಟ್ರೈನ್ಚೆ ಒಂದು ಬೋಗುಣಿ ತುಂಬ ಕೊಟ್ಟಿದ್ದಳು. ಎಲ್ಲರೂ ಪೆಟ್ಟಿಗೆಗಳ ಮೇಲೆ ಕೂತರು. ಕಾಶಮ್ಮ ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದರು.

"ಪರ್ವಾಗಿಲ್ಲ."

ಊರ್ಮಿಳಾ ಸೌಟು ಹಿಡಿದು ನಿಂತೇ ಇದ್ದಳು. "ಅತ್ತೆ, ಹೆಣ್ಣು ನೋಡೋಕೆ ಬಂದಿದ್ರಲ್ಲ, ಅವತ್ತು ಹೊರಗೆ ಹೋಗಿ ಮಾವನ ಹತ್ರ ನನಗೂ ಹೀಗೇ ಪರ್ವಾಗಿಲ್ಲ ಅಂದ್ರಿ. ನಾನು ಕೇಳಿಸ್ಕೊಂಡಿದ್ದೆ."

ಕಾಶಮ್ಮ ತಲೆಯೆತ್ತಿದರು. "ಆರು ವರ್ಸ ಅದ್ನ ಒಟ್ಟೇಲಿ ಮಡಿಕಂಡಿದ್ಯಾ? ಅಯ್ಯೋ ಪೆದ್ದೇ. ಇನ್ನೇನ್ ಅನ್ಬೇಕಿತ್ತು? ಬೀದೀಲಿ ನಿಂತ್ಕಂಡು ಬಂಗಾರದಂಥಾ ಹುಡ್ಗಿ ಅಂತ ಕೂಗಿ ಕಣ್ ಬೀಳುಸ್ಬೇಕಿತ್ತಾ? ಮೈಸೂರಿಂದ ಮದ್ದೂರು ಸೇರೋಗಂಟ ಬಸ್ನಾಗೆ ನಿಮ್ಮಾವನ್ಗೆ ನಿಂದೇ ಯೋಳ್ದೆ. ಅವ್ರು ನಿದ್ದೆ ಮಾಡ್ಬುಟ್ರು."

ಊರ್ಮಿಳಾಗೆ ಅಳು ಬಂತು. ಆರು ವರ್ಷದ ಅಳು, ಪೆಟ್ಟಿಗೆ ಬಿಚ್ಚದ ಮನೆಯಲ್ಲಿ ಎಲ್ಲರ ಮುಂದೆ, ತಡೆಯಲಿಲ್ಲ. ಅನಿರುದ್ಧ ಗಾಬರಿಯಾಗಿ ಎದ್ದ. ಹಾರ್ಮ್‌ಗೆ ಏನೂ ಅರ್ಥವಾಗಲಿಲ್ಲ, ಸಾರಿನ ಖಾರಕ್ಕೆ ಅವನ ಕಣ್ಣಲ್ಲೂ ನೀರು, ಹಸಿರು ಟವಲಿನ ಒಂದು ತುದಿಯಿಂದ ತನ್ನ ಕಣ್ಣೊರೆಸಿಕೊಂಡು ಇನ್ನೊಂದು ತುದಿಯನ್ನು ಅವಳ ಕಡೆ ಚಾಚಿದ.

"ಅತ್ತಿದ್ದು ಸಾಕು, ಸಾರಾಕು" ಎಂದು ಕಾಶಮ್ಮ ತಟ್ಟೆ ಮುಂದೆ ಹಿಡಿದರು. ಊರ್ಮಿಳಾ ಎರಡು ಸೌಟು ಹಾಕಿದಳು.